ಬಿಯರಿಗೋ, ಕ್ಯಾಮೆರಾಕ್ಕೋ

ಮಂಗಳವಾರ, ಆಗಸ್ಟ್ ೧೨. ಸಾಂತೊ ದೊಮಿಂಗೊ.

ನಮ್ಮ ಬೀದಿಗೆ ಕಳ್ಳ ಬರುವುದೇ ಕರೆಂಟ್ ಹೋದಾಗ. ಅದಕ್ಕೇ ಹಟ ಹಿಡಿದು ಅಂಗಡಿಗೆ ಕಾವಲು ಕ್ಯಾಮೆರಾ ಹಾಕಿಸಿ, ಅದಕ್ಕೆ ಅಪ್ಪಟ ತಾಮ್ರದ ಕೇಬಲ್ ಎಳೆಸಿದೆ. ಕ್ಯಾಮೆರಾದ ಚಿತ್ರವೂ ಕರೆಂಟೂ ಅದೊಂದರಲ್ಲೇ ಓಡುತ್ತವೆ. ಇನ್ವರ್ಟರಿಗೆ ಜೋಡಿಸಿದರೆ ಕತ್ತಲಲ್ಲೂ ಕಾವಲು ತಪ್ಪುವುದಿಲ್ಲ.

ನನ್ನ ಗಂಡ ಎಲೀಹಿಯೊಗೆ ಮಾತ್ರ ಫ್ರಿಜ್ಜಿನದೇ ಚಿಂತೆ. "ಬಿಯರ್ ಬಿಸಿಯಾದ್ರೆ ಡಾಮಿನೋ ಆಡೋರೆಲ್ಲ ಎದುರಂಗಡಿಗೆ ಎದ್ದು ಹೋಗ್ತಾರೆ ಕಣೇ!"

"ಹೋಗ್ಲಿ ಬಿಡು ಮಾರಾಯ. ಈ ಇನ್ವರ್ಟರ್ ಎರಡನ್ನೂ ಎಳೆಯಲ್ಲ."

ಇಂದು ಸಂಜೆ ಕರೆಂಟ್ ಹೋಯಿತು. ಮರಳಿದಾಗ ಬೀದಿಗೆ ಬೀದಿಯೇ "ಬಂತು! ಬಂತು!" ಎಂದು ಕೂಗಿತು. ನಾನು ರೆಕಾರ್ಡಿಂಗ್ ಹಾಕಿ ನೋಡಿದೆ. ಹಿಂದಿನ ಕೋಣೆಗೆ ಯಾರೋ ಬಗ್ಗಿಕೊಂಡು ಬಂದರು. ಒಂದು ಕೈ ಇನ್ವರ್ಟರಿನಿಂದ ಕ್ಯಾಮೆರಾದ ಪ್ಲಗ್ ಕಿತ್ತಿತು. ಆಮೇಲೆಲ್ಲ ಕಪ್ಪು. ಬೆರಳಲ್ಲಿದ್ದದ್ದು ನಾನೇ ತೊಡಿಸಿದ ಉಂಗುರ.

ನಾಳೆಯೇ ಇನ್ವರ್ಟರಿಗೆ ಬೀಗ, ಬೀಗದ ಕೈ ನನ್ನ ಕೊರಳಿಗೆ. ಬಿಯರಿಗೆ ಐಸ್ ಬೇಕಾದರೆ ಅವನೇ ಹೊತ್ತು ತರಲಿ.