ಬಿಡಿಸಿಟ್ಟ ಗೇರ್‌ಬಾಕ್ಸ್

ಅಪ್ಪನಿಗೆ ನಮಸ್ಕಾರ,

ಅತ್ತೆಯ ಮನೆಯಿಂದ ನೀವು ಬರುವಷ್ಟರಲ್ಲಿ ನಾನು ಹೊರಟಿರುತ್ತೇನೆ. ಅಡುಗೆ ಮಾಡಿಟ್ಟಿದ್ದೇನೆ, ಬಿಸಿ ಮಾಡಿಕೊಳ್ಳಿ.

ಊರೂರು ಸುತ್ತಿ ರೋಗಿಗಳನ್ನು ನೋಡಿಕೊಳ್ಳುವ ನರ್ಸ್ ಕೆಲಸ ನನಗೆ ಸಿಕ್ಕಾಗ, "ಕಾರಿನ ಕ್ಲಚ್ ಹೋಗಿದೆ ಮಗಳೇ, ಅಷ್ಟು ದೂರ ಓಡಲ್ಲ" ಅಂದಿರಿ. ಗ್ಯಾರೇಜಿನಲ್ಲೇ ತಲೆ ನರೆತವರು ನೀವು, ನಂಬಿದೆ. ಕ್ಲಚ್ ಪ್ಲೇಟು ಬದಲಿಸಲೆಂದು ಇಬ್ಬರೂ ಸೇರಿ ಶೆಡ್ಡಿನಲ್ಲೇ ಎಂಜಿನ್ನಿನಿಂದ ಗೇರ್‌ಬಾಕ್ಸ್ ಬಿಡಿಸಿದೆವು. ನೀವು ಬೋಲ್ಟು ಬಿಚ್ಚಿದಿರಿ, ನಾನು ಕಾರಿನಡಿ ಮಲಗಿ ಜಾಕಿನ ಮೇಲೆ ಅದನ್ನು ಇಳಿಸಿಕೊಂಡೆ. "ಭೇಷ್" ಎಂದು ಬೆನ್ನು ತಟ್ಟಿದಿರಿ. ಆಮೇಲೆ ಹೊಸ ಪ್ಲೇಟು ಅಂಗಡಿಯಲ್ಲಿ ಸಿಗುತ್ತಿಲ್ಲ ಎನ್ನುತ್ತಾ ದಿನ ತಳ್ಳಿದಿರಿ. ಕೆಲಸ ಬೇರೆಯವರ ಪಾಲಾಯಿತು. ಕಣ್ಣೊರೆಸಿದವರೂ ನೀವೇ.

ನಿನ್ನೆ ಹಳೆಯ ಪ್ಲೇಟು ಹಿಡಿದು ನಾನೇ ಅಂಗಡಿಗೆ ಹೋದೆ. ಅಂಗಡಿಯವರು ಅದನ್ನು ತಿರುಗಿಸಿ ನೋಡಿ, "ಇದಕ್ಕೇನಾಗಿದೆಯಮ್ಮ? ಇನ್ನೂ ಎಷ್ಟೋ ವರ್ಷ ಬರುತ್ತೆ. ನಿಮ್ಮಪ್ಪ ಈ ಕಡೆ ತಲೆನೇ ಹಾಕಿಲ್ವಲ್ಲ" ಅಂದರು. "ವಯಸ್ಸಾಯ್ತಲ್ಲ, ಕಣ್ಣು ಮಂಜು" ಎಂದು ನಿಮ್ಮ ಮಾನ ಕಾಪಾಡಿ ಬಂದೆ.

ಹೋಗಬೇಡ ಎಂದು ಬಾಯಿಬಿಟ್ಟು ಹೇಳಿದ್ದರೆ ಜಗಳವಾಡುತ್ತಿದ್ದೆ, ಅಳುತ್ತಿದ್ದೆ. ಬಹುಶಃ ಉಳಿದೂಬಿಡುತ್ತಿದ್ದೆ.

ಪಕ್ಕದ ಮನೆಯ ಅಣ್ಣನನ್ನು ಕರೆದು, ಅದೇ ಪ್ಲೇಟು ಹಾಕಿ, ಗೇರ್‌ಬಾಕ್ಸ್ ಕೂರಿಸಿದೆ. ಗೇರು ಸಲೀಸಾಗಿ ಬೀಳುತ್ತಿದೆ. ದೂರದ ಆಸ್ಪತ್ರೆಯೊಂದರಲ್ಲಿ ಕೆಲಸ ಕೇಳಲು ಹೊರಟಿದ್ದೇನೆ.

ಶೆಡ್ಡಿನ ನೆಲದಲ್ಲಿ ಎಣ್ಣೆ ಚೆಲ್ಲಿದೆ. ಮರದ ಹೊಟ್ಟು ಹಾಕಿದ್ದೇನೆ, ಆದರೂ ಜಾರೀತು, ನೋಡಿಕೊಂಡು ಕಾಲಿಡಿ.

ತಲುಪಿದ ಕೂಡಲೇ ಫೋನ್ ಮಾಡುತ್ತೇನೆ ಎಂದು ಬರೆಯಹೊರಟಿದ್ದೆ. ಸುಳ್ಳು ಹೇಳಲು ಮನಸ್ಸಾಗಲಿಲ್ಲ.

ಇಂತಿ,
ನಿಮ್ಮ ಮಗಳು