ಶನಿವಾರ ಬಂದ ಬಿಸಿ ಅನ್ನ

ಸ್ಕೋಫೀಲ್ಡ್ಸ್, ಸಿಡ್ನಿ
೭ ಏಪ್ರಿಲ್ ೨೦೨೫, ಸೋಮವಾರ

ಚಿರಂಜೀವಿ ಸಂಪತ್‌ಗೆ ಅವ್ವನ ಆಶೀರ್ವಾದ.

ನಿನ್ನ ಬೆನ್ನುನೋವು ಹೇಗಿದೆ? ಡಾಕ್ಟರು ಕೊಟ್ಟ ಬೆಲ್ಟು ಕಟ್ಟಿಕೊಳ್ಳುತ್ತೀಯೋ, ಕುರ್ಚಿಗೆ ನೇತುಹಾಕಿದ್ದೀಯೋ? ಸಂಯುಕ್ತಾಳ ನೆಗಡಿ ಹೋಯಿತೇ? ಮೆಲ್ಬರ್ನಿನ ಗಾಳಿ ಕೆಟ್ಟದ್ದು, ಹೆಂಡತಿಗೆ ಬಿಸಿನೀರು ಕುಡಿಯಲು ಹೇಳು, ನೀನೇ ಕಾಯಿಸಿ ಕೊಟ್ಟರೆ ಕೈಯೇನೂ ಸವೆಯುವುದಿಲ್ಲ. ನಾನು ಆರಾಮ. ಮೊಣಕಾಲು ಹಿಡಿಯುತ್ತದೆ, ಅದು ಇದ್ದದ್ದೇ. ನಿನ್ನಣ್ಣ ಅಜಯ್ ಬೆಳಕು ಹರಿಯುವ ಮುಂಚೆ ರೈಲು ಹಿಡಿದು ನಾರ್ತ್ ಸಿಡ್ನಿಗೆ ಹೋದನೆಂದರೆ ದೀಪ ಹಚ್ಚಿದ ಮೇಲೇ ಬರುವುದು. ಅವನ ಹೆಂಡತಿ, ನಿನ್ನ ವೈನಿ ಶ್ರೀದೇವಿಗೆ ಸೋಮವಾರ ಮನೆಯಿಂದಲೇ ಕೆಲಸ. ಮೇಲಿನ ಕೋಣೆಯಲ್ಲಿ ಕಿವಿಗೆ ಏನೋ ಸಿಗಿಸಿಕೊಂಡು ಕೂತಿದ್ದಾಳೆ. ಈ ಕಾಲದಲ್ಲಿ ಮುದುಕಿ ಕಾಗದ ಬರೆದಳಲ್ಲ ಅಂತ ನಗಬೇಡ. ನಿನ್ನೆ ಫೋನಿನಲ್ಲಿ ಹೇಳಲು ಹೋದರೆ, "ಅವ್ವಾ, ಮೆಣಸಿನಕಾಯಿ ಒಡದದ್ದಕ್ಕ ಪೊಲೀಸರನ್ನ ಕರೀಬೇಕೇನ?" ಅಂತ ನಕ್ಕು ಇಟ್ಟುಬಿಟ್ಟೆ. ಕಾಗದದ ನಡುವೆ ನಿನಗೆ ಬಾಯಿ ಹಾಕಲು ಬರುವುದಿಲ್ಲ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳು ನಾನು, ಅಕ್ಷರ ತಪ್ಪಿದರೆ ತಿದ್ದಿಕೊಂಡು ಓದು. ಆದರೆ ಕಡೆತನಕ ಓದು. ಪಕ್ಕದ ಮನೆಯ ಇನೆಜ್ ಕಾಣುತ್ತಿಲ್ಲ. ನಾನು ಬರೆಯುತ್ತಿರುವುದು ಅದಕ್ಕೇ.

ಇನೆಜ್ ಯಾರು ಅಂತ ಸಂಯುಕ್ತಾ ಕೇಳಿದರೆ ಹೇಳು, ಜಮೈಕಾದ ಮುದುಕಿ, ನನಗಿಂತ ಎರಡು ಮಳೆಗಾಲ ಹೆಚ್ಚು ಕಂಡಿರಬೇಕು. ನಮ್ಮ ಗೆಳೆತನ ಆದದ್ದು ಪುಂಡಿ ಗಿಡದಿಂದ. ಊರಿಂದ ತಂದ ಬೀಜವನ್ನು ನಾನು ಬೇಲಿಯ ಬದಿಗೆ ಹಾಕಿದ್ದೆ. ಗಿಡ ಎದೆಯೆತ್ತರ ಬೆಳೆದು ಕೆಂಪು ಕಾಯಿ ಹಿಡಿದಾಗ ಬೇಲಿಯ ಆಚೆಯಿಂದ ಒಂದು ಕೈ ಬಂತು. ಯಾವಳೋ ಕಳ್ಳಿ ಅಂತ ಸೌಟು ಹಿಡಿದು ಹೋದರೆ ಆ ಹೆಂಗಸು ಕಾಯಿ ಮುಟ್ಟಿಕೊಂಡು ಅಳುತ್ತಿದ್ದಾಳೆ. ಅವರ ಊರಲ್ಲೂ ಇದೇ ಗಿಡ ಇದೆಯಂತೆ, ಶ್ರೀದೇವಿ ಕೇಳಿ ಹೇಳಿದಳು. ನಾವು ಸೊಪ್ಪು ತಿಂದು ಕಾಯಿ ಬಿಡುತ್ತೇವೆ, ಅವರು ಸೊಪ್ಪು ಬಿಟ್ಟು ಆ ಕೆಂಪು ದಳ ಬಿಡಿಸಿ, ಶುಂಠಿ ಲವಂಗ ಹಾಕಿ ಕುದಿಸಿ, ಸಕ್ಕರೆ ಕಲಸಿ ಪಾನಕ ಮಾಡುತ್ತಾರೆ. ಅಂದಿನಿಂದ ಸೊಪ್ಪು ನನ್ನದು, ಕಾಯಿ ಅವಳದು. ಅವಳಿಗೆ ಕನ್ನಡ ಬಾರದು, ನನಗೆ ಇಂಗ್ಲಿಷ್ ಬಾರದು, ಜಗಳವೇ ಇಲ್ಲ. ಕಿರಿಸ್ತಾನರಲ್ಲೇ ಮಾಂಸ ಮುಟ್ಟದ ಪಂಥದವಳು. ಶನಿವಾರ ದೇವರ ದಿನ ಅಂತ ಒಲೆಯನ್ನೇ ಹಚ್ಚುವುದಿಲ್ಲ, ಶುಕ್ರವಾರ ಮಾಡಿಟ್ಟದ್ದನ್ನೇ ತಣ್ಣಗೆ ಉಣ್ಣುತ್ತಾಳೆ. ನಾವು ಸೋಮವಾರ ಎತ್ತು ಹೂಡುವುದಿಲ್ಲವಲ್ಲ, ಹಾಗೆ.

ನೀನು ಬಾಯಿ ಚಪ್ಪರಿಸಿದ್ದೆಯಲ್ಲ ಆ ಅನ್ನ, ಅದನ್ನು ಅವಳು ಮಾಡುವ ರೀತಿ ಮೊದಲು ಕೇಳು. ರಾಜ್ಮಾ ಹಿಂದಿನ ದಿನವೇ ನೆನೆಹಾಕಬೇಕು, ಡಬ್ಬಿಯಲ್ಲಿ ಬರುವುದನ್ನು ತಂದರೆ ಇನೆಜ್ ಬೈಯುತ್ತಾಳೆ. ಬೆಳ್ಳುಳ್ಳಿ ಜಜ್ಜಿ ಹಾಕಿ ಕಾಳು ಮೆತ್ತಗಾಗುವವರೆಗೆ ಕುದಿಸು. ನೀರು ಕೆಂಪಾಗುತ್ತದೆ, ಚೆಲ್ಲಬೇಡ, ಅನ್ನ ಆಗುವುದು ಅದರಲ್ಲೇ. ಅದಕ್ಕೆ ತೆಂಗಿನ ಹಾಲು, ಉಳ್ಳಾಗಡ್ಡಿ ತಪ್ಪಲು, ಥೈಮ್ ಅನ್ನುವ ಸೊಪ್ಪಿನ ಕಡ್ಡಿ, ಉಪ್ಪು. ಅಕ್ಕಿ ತೊಳೆದು ಹಾಕಿದ ಮೇಲೆ ಬುಗುರಿಯಂಥ ಮೆಣಸಿನಕಾಯಿ ಒಂದನ್ನು ಇಡಿಯಾಗಿ ಮೇಲೆ ಕೂರಿಸಬೇಕು. ಹೆಚ್ಚುವಂತಿಲ್ಲ, ಚುಚ್ಚುವಂತಿಲ್ಲ. ಅದರ ವಾಸನೆ ಅನ್ನಕ್ಕೆ ಇಳಿಯಬೇಕು, ಖಾರ ಕಾಯಿಯೊಳಗೇ ಉಳಿಯಬೇಕು. ಆದ ಮೇಲೆ ತೊಟ್ಟು ಹಿಡಿದು, ತೊಟ್ಟಿಲಿಂದ ಕೂಸು ಎತ್ತಿದ ಹಾಗೆ ಎತ್ತುತ್ತಾಳೆ. ಇದನ್ನೆಲ್ಲ ಮಾಡುವುದು ಒಂದು ದಪ್ಪ ಕಪ್ಪು ಗಡಿಗೆಯಲ್ಲಿ. ಅದು ಅವಳ ಅವ್ವನದು. ನಮ್ಮ ರೊಟ್ಟಿ ಹಂಚಿಗೆ ಹೇಗೋ ಹಾಗೆ, ಅದಕ್ಕೆ ಸೋಪು ಮುಟ್ಟಿಸುವುದಿಲ್ಲ. ಮಗಳ ಮನೆಗೆ ಹೊರಟರೂ ಬಟ್ಟೆ ಮರೆತಾಳು, ಗಡಿಗೆ ಮರೆಯಳು.

ಈಗ ಕೇಳು. ಹೋದ ವರ್ಷದಿಂದ ಅವಳ ಮಗ ಟ್ರೆವರ್ ಕೆಲಸ ಬಿಟ್ಟು ಬಂದು ಅವಳ ಜೊತೆ ಇದ್ದಾನೆ. ಐವತ್ತರ ಆಳು, ಇಸ್ತ್ರಿ ಅಂಗಿ, ನಕ್ಕೊಂತ ಮಾತಾಡುತ್ತಾನೆ. ಅಜಯ್‌ಗೆ ಬಹಳ ಸಭ್ಯನಾಗಿ ಕಾಣುತ್ತಾನೆ. ಅವನು ಬಂದ ಮೇಲೆ ಇನೆಜ್ ಬೇಲಿಗೆ ಬಂದರೂ ಹಿಂದೆ ತಿರುತಿರುಗಿ ನೋಡುತ್ತಿದ್ದಳು. ಗುರುವಾರ ಸಂಜೆ ಕಡೆಯ ಸಲ ಬಂದಾಗ ಪುಂಡಿಕಾಯಿ ಹಿಚುಕಿ ನೋಡಿ, ನಾಳೆ ಬಿಡಿಸೋಣ ಅಂತ ಕೈಸನ್ನೆ ಮಾಡಿದಳು. ಮೊಣಕೈ ಮೇಲೆ ಹಸಿರುಗಟ್ಟಿದ ಕಲೆ ಇತ್ತು. ಏನಿದು ಅಂತ ಮುಟ್ಟಿ ಕೇಳಿದರೆ ಅಂಗಿಯ ತೋಳು ಇಳಿಸಿಕೊಂಡಳು. ಶುಕ್ರವಾರ ಬರಲಿಲ್ಲ. ಶನಿವಾರ ಮುಂಜಾನೆ ಅವಳನ್ನು ಚರ್ಚಿಗೆ ಕರೆದೊಯ್ಯುವ ಕಾರು ಬಂತು, ಟ್ರೆವರ್ ಹೊರಗೆ ಬಂದು ನಕ್ಕು ಏನೋ ಹೇಳಿದ, ಕಾರು ಹಾಗೇ ಹೋಯಿತು. ನಾನು ಬೇಲಿಯ ಮೇಲಿಂದ ಇನೆಜ್, ಇನೆಜ್ ಅಂತ ಗಂಟಲು ಹರಿಯುವ ಹಾಗೆ ಕೂಗಿದೆ. ಅಡಿಗೆಮನೆಯ ಪರದೆ ಅಲ್ಲಾಡಿತು, ಅಷ್ಟೇ.

ಅವತ್ತು ಮಧ್ಯಾಹ್ನ ಟ್ರೆವರ್ ಆ ಗಡಿಗೆ ಹೊತ್ತು ನಮ್ಮ ಬಾಗಿಲಿಗೆ ಬಂದ. ಅಮ್ಮ ಮೆಲ್ಬರ್ನಿಗೆ, ವಿಂಡಮ್ ವೇಲ್‌ನಲ್ಲಿರುವ ಅಕ್ಕ ಶಾರ್ಲೀನ್ ಮನೆಗೆ ಹೋಗಿದ್ದಾಳೆ, ಹೋಗುವ ಮುಂಚೆ ಇವತ್ತು ಬೆಳಿಗ್ಗೆ ನಿಮಗೆ ಅಂತ ಮಾಡಿಟ್ಟಳು, ಅಂದನಂತೆ. ಶ್ರೀದೇವಿ ಥ್ಯಾಂಕ್ಯೂ ಅಂದು ಇಸಿದುಕೊಂಡಳು. ಮುಚ್ಚಳ ತೆಗೆದರೆ ಹಬೆ. ಶನಿವಾರ ಒಲೆ ಹಚ್ಚದವಳ ಅನ್ನದಿಂದ ಹಬೆ, ಸಂಪತ್. ಮೆಣಸಿನಕಾಯಿ ಒಡೆದು ಬೀಜವೆಲ್ಲ ಅನ್ನದಲ್ಲಿ ಹರಡಿತ್ತು. ಕಾಳು ಡಬ್ಬಿಯದು, ಅನ್ನಕ್ಕೆ ಬಣ್ಣವೇ ಇಳಿದಿರಲಿಲ್ಲ. ಗಡಿಗೆಯ ಹೊರಮೈಯನ್ನು ಸೋಪು ಹಾಕಿ ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿದ್ದ. ಅಜಯ್ ಕಣ್ಣಲ್ಲಿ ನೀರು ಹಾಕಿಕೊಂಡು ಉಂಡ, ಭಾಳ ಸ್ಪೈಸಿ ಅಂದ. ನಾನು ಒಂದು ತುತ್ತು ಬಾಯಿಗಿಟ್ಟವಳು ಉಗುಳಿದೆ. ಅದು ನನ್ನ ಬಾಯಿ ಮುಚ್ಚಿಸಲು ತಂದ ಅನ್ನ. ಕೂಗುವ ಮುದುಕಿಗೆ ತುತ್ತು ಹಾಕಿದರೆ ಸುಮ್ಮನಾಗುತ್ತಾಳೆ ಅಂತ ತಿಳಿದಿದ್ದಾನೆ.

ಖಾಲಿ ಪಾತ್ರೆ ತಿರುಗಿಸಿ ಕೊಡುವ ಪದ್ಧತಿ ನಮ್ಮಲ್ಲಿಲ್ಲ, ನಿನಗೆ ಗೊತ್ತು. ನಿನ್ನೆ ಗಡಿಗೆಯಲ್ಲಿ ಪುಂಡಿಪಲ್ಯ, ಮೇಲೆ ರೊಟ್ಟಿ ಇಟ್ಟುಕೊಂಡು ನಾನೇ ಹೋದೆ. ಆ ನೆಪದಲ್ಲಿ ಒಳಗೆ ಕಾಲಿಡಬೇಕು ಅಂತಲೇ ಹೋದದ್ದು, ಸುಳ್ಳು ಯಾಕೆ. ಅವನು ಸರಪಳಿ ತೆಗೆಯದೆ ಬಾಗಿಲನ್ನು ನಾಲ್ಕು ಬೆರಳಷ್ಟು ತೆರೆದ. ಗಡಿಗೆ ಆ ಸಂದಿಯಲ್ಲಿ ಹಿಡಿಸುವುದಿಲ್ಲ, ಹೊಸ್ತಿಲ ಮೇಲೆ ಇಡು ಅಂತ ಬೆರಳು ತೋರಿಸಿದ. ನಾನು ಇಡಲಿಲ್ಲ. ಇನೆಜ್ ಕೈಗೇ ಕೊಡುವುದು ಅಂದೆ, ಕನ್ನಡದಲ್ಲೇ ಅಂದೆ, ತಿಳಿದುಕೊಂಡ. ಮುಖದ ನಗು ಹೋಯಿತು. ಅವನ ಬೆನ್ನ ಹಿಂದೆ ಗೂಟಕ್ಕೆ ಅವಳ ಕೈಚೀಲ ತೂಗುತ್ತಿತ್ತು. ಕೆಳಗೆ ಹೊರಗೆ ಹೋಗುವಾಗ ಹಾಕುವ ಬೂಟು. ಮೆಲ್ಬರ್ನಿಗೆ ಬರಿಗಾಲಲ್ಲಿ ಹೋದಳೇ?

ಇದನ್ನು ಅಜಯ್‌ಗೆ ಹೇಳಿದರೆ, "ಅವ್ವಾ, ಇದು ನಮ್ಮ ಓಣಿ ಅಲ್ಲ. ಇಲ್ಲಿ ಹಿಂಗ ಬಗ್ಗಿ ನೋಡಿದ್ರ ಕಂಪ್ಲೇಂಟ್ ಕೊಡ್ತಾರ" ಅಂದ. ಕೊಡಲಿ, ಬಂದ ಪೊಲೀಸರಿಗೆ ಚಹಾ ಮಾಡಿಕೊಟ್ಟು ಇನೆಜ್ ಎಲ್ಲಿ ಅಂತ ನಾನೇ ಕೇಳುತ್ತೇನೆ ಅಂದೆ. ಶ್ರೀದೇವಿ, "ಅತ್ತೀ, ಪಾಪ ಅವರು ಮಗಳ ಮನೀಗೆ ಹೋಗಿರ್ತಾರ, ನೀವು ಸೀರಿಯಲ್ ನೋಡೋದು ಕಮ್ಮಿ ಮಾಡ್ರಿ" ಅಂದಳು. ಎಲ್ಲರೂ ಕಲಿತವರು. ಇಲ್ಲಿ ಮನೆಗೂ ಮನೆಗೂ ನಡುವೆ ಒಂದು ಮೊಳ ಜಾಗವಿಲ್ಲ, ಪಕ್ಕದವರು ಕೆಮ್ಮಿದರೆ ಕೇಳುತ್ತದೆ. ಆದರೂ ಯಾರೂ ಯಾರನ್ನೂ ಏನೂ ಕೇಳುವಂತಿಲ್ಲವಂತೆ. ಈಗ ಅಲ್ಲಿಂದ ಕೆಮ್ಮೂ ಕೇಳುವುದಿಲ್ಲ. ನಳದ ಸದ್ದು ಮಾತ್ರ ಬರುತ್ತದೆ, ಬಹಳ ಹೊತ್ತು ಬರುತ್ತದೆ.

ನಿನ್ನಿಂದ ಒಂದೇ ಕೆಲಸ ಆಗಬೇಕು. ಶಾರ್ಲೀನ್ ಮನೆ ನಿನಗೆ ಗೊತ್ತು, ಹೋದ ವರ್ಷ ಇನೆಜ್ ಕೊಟ್ಟ ಪಾನಕದ ಬಾಟಲಿ ನೀನೇ ಮುಟ್ಟಿಸಿದ್ದೆ. ಇದು ಕೈಗೆ ಬಂದ ದಿನವೇ ಹೋಗು. ಬಾಗಿಲಲ್ಲಿ ಕೇಳಿ ತಿರುಗಿ ಬರಬೇಡ, ಇನೆಜ್‌ಳನ್ನು ಕಣ್ಣಾರೆ ನೋಡು. ಅವಳು ಅಲ್ಲಿ ಕೂತು ಟಿವಿ ನೋಡುತ್ತಿದ್ದರೆ ನನ್ನನ್ನು ಹುಚ್ಚಿ ಅನ್ನು, ಅನ್ನಿಸಿಕೊಳ್ಳುತ್ತೇನೆ, ಖುಷಿಯಿಂದ ಅನ್ನಿಸಿಕೊಳ್ಳುತ್ತೇನೆ.

ಹೊತ್ತಿಗೆ ಸರಿಯಾಗಿ ಉಣ್ಣಿರಿ. ಸಂಯುಕ್ತಾಳ ಮೇಲೆ ರೇಗಬೇಡ, ರೇಗುವ ಗುಣ ನನ್ನಿಂದ ಬಂದದ್ದು ಅಂತ ನನ್ನ ಹೆಸರು ಹೇಳಿ ತಪ್ಪಿಸಿಕೊಳ್ಳಲೂ ಬೇಡ. ಬಸವಣ್ಣ ಇಬ್ಬರನ್ನೂ ಕಾಯಲಿ.

ನಿನ್ನ ಅವ್ವ
ಚನ್ನಬಸವ್ವ

ತಾ.ಕ: ಕಾಗದ ಮಡಚುವಾಗ ಬೆಲ್ ಆಯಿತು. ಶಾರ್ಲೀನ್ ಬಂದು ನಿಂತಿದ್ದಾಳೆ, ಮೆಲ್ಬರ್ನಿನಿಂದ ನೇರ ವಿಮಾನದಲ್ಲಿ. ಶುಕ್ರವಾರದಿಂದ ತಾಯಿ ಫೋನ್ ಎತ್ತುತ್ತಿಲ್ಲ. ಟ್ರೆವರ್ ಅವಳಿಗೆ ಹೇಳಿದ್ದು, ಅಮ್ಮ ಪಕ್ಕದ ಇಂಡಿಯನ್ ಆಂಟಿ ಮನೆಯಲ್ಲಿ ಉಳಿದಿದ್ದಾಳೆ ಅಂತ. ಪಾಪ, ಆಕೆ ನನ್ನ ಹೆಗಲ ಮೇಲಿಂದ ಒಳಗೆ ಇಣುಕುತ್ತಿದ್ದಾಳೆ, ತಾಯಿ ಈಗ ಬರುತ್ತಾಳೆ, ಆಗ ಬರುತ್ತಾಳೆ ಅಂತ. ಶ್ರೀದೇವಿ ಕೆಳಗೆ ಬಂದು ಎಲ್ಲ ಕೇಳಿಕೊಂಡು ನನಗೆ ಹೇಳಿದಳು, ಈಗ ಪೊಲೀಸರಿಗೆ ಅವಳೇ ಫೋನ್ ಮಾಡುತ್ತಿದ್ದಾಳೆ. ಟ್ರೆವರ್ ಕಾರು ಬಾಗಿಲಲ್ಲಿಲ್ಲ. ಶಾರ್ಲೀನ್ ಬಳಿ ಬೀಗದಕೈ ಇದೆ, ಪೊಲೀಸರು ಬರುವವರೆಗೆ ಕಾಯುವುದಿಲ್ಲ ಅನ್ನುತ್ತಾಳೆ. ಒಬ್ಬಳನ್ನೇ ಒಳಗೆ ಬಿಡಲು ನನಗೆ ಮನಸ್ಸಿಲ್ಲ, ನಾನೂ ಹೋಗುತ್ತೇನೆ. ನೀನು ಅಲ್ಲಿ ಯಾರ ಮನೆಗೂ ಹೋಗುವುದು ಬೇಡ. ಇದು ನಿನ್ನ ಕೈಸೇರುವ ಹೊತ್ತಿಗೆ ಏನೆಂದು ಗೊತ್ತಾಗಿರುತ್ತದೆ. ಅವ್ವ ಮೊದಲೇ ಹೇಳಿರಲಿಲ್ಲ ಅಂತ ಮಾತ್ರ ಯಾರೆದುರೂ ಅನ್ನಬೇಡ.