ಮೆಟ್ಟಿಲು ಮಾಡಿದವರ ಹೆಸರು

ಅಪ್ಪಾ,

ಈ ಪತ್ರ ನಿನಗೆ ತಲುಪುವುದಿಲ್ಲ, ಆ ಧೈರ್ಯದಿಂದಲೇ ಬರೆಯುತ್ತಿದ್ದೇನೆ.

ಇವತ್ತು ಆ ಹಳೆಯ ಜವಳಿ ಮಳಿಗೆಗೆ ಹೋಗಿದ್ದೆ. ಅದನ್ನು ಕೆಡವಿ ಹೊಸದು ಕಟ್ಟುತ್ತಾರಂತೆ. ಅದಕ್ಕೂ ಮೊದಲು, ಉಳಿಸಿಕೊಳ್ಳುವಂಥದ್ದು ಏನಿದೆ ಎಂದು ನೋಡಿ ವರದಿ ಕೊಡುವುದು ನನ್ನ ಕೆಲಸ. ನೀನು ಎರಡು ವರ್ಷ ಕೂತು ಮಾಡಿದ ಮರದ ಮೆಟ್ಟಿಲು ಹಾಗೇ ಇದೆ. ನಿನ್ನ ಹೆಬ್ಬೆರಳಿನ ತುದಿ ಹೋದದ್ದು ಅಲ್ಲೇ ಅಲ್ಲವೇ? ಹತ್ತಿ ನೋಡಿದೆ, ಒಂದೂ ಕಿರ್ರೆನ್ನಲಿಲ್ಲ.

ಮಾಲೀಕರು ಮೆಟ್ಟಿಲ ಪಕ್ಕದ ಮರದ ಕಟಾಂಜನ ಸವರುತ್ತಾ ಕೇಳಿದರು: "ಎಂಥಾ ಕೈ ರೀ ಇದು! ಯಾರು ಮಾಡಿದ್ದು ಅಂತ ಗೊತ್ತಾದ್ರೆ ಇಲ್ಲೇ ಹೆಸರು ಕೆತ್ತಿಸ್ತೀನಿ. ನಿಮಗೇನಾದ್ರೂ ಗೊತ್ತಾ?"

ಪಕ್ಕದಲ್ಲಿ ನನ್ನ ಆಫೀಸಿನವರಿದ್ದರು. ನಮ್ಮಪ್ಪ ಎಂಜಿನಿಯರ್ ಆಗಿದ್ದರು ಎಂದು ಅವರಿಗೆಲ್ಲ ಹೇಳಿ ಹತ್ತು ವರ್ಷವಾಗಿದೆ.

"ಇಲ್ಲ ಸರ್. ಯಾರೋ ಬಡಗಿ ಇರ್ಬೇಕು" ಅಂದೆ.

"ಪಾಪ, ಅವರ ಮಕ್ಕಳಿಗಾದ್ರೂ ತೋರಿಸ್ಬೇಕಿತ್ತು" ಅಂದರು ಮಾಲೀಕರು.

ಮೆಟ್ಟಿಲನ್ನು ಉಳಿಸಲೇಬೇಕೆಂದು ವರದಿ ಬರೆದಿದ್ದೇನೆ, ಅದು ಉಳಿಯುತ್ತದೆ. ಮಾಡಿದವರ ಹೆಸರು ಎಂಬಲ್ಲಿ 'ತಿಳಿದಿಲ್ಲ' ಎಂದು ತುಂಬಿ, ಕೆಳಗೆ ಸಹಿ ಹಾಕಿದೆ. ಸಹಿಯಲ್ಲಿರುವ ಇನಿಷಿಯಲ್ ನಿನ್ನದೇ, ಅಪ್ಪಾ.